ಗಿರಿಜತ್ತಿಯ ಪಂಕ್ತಿ

ನಮ್ಮ ಮನೆಗೆ ಎರಡು ಅಡುಗೆಮನೆಗಳಿದ್ದವು. ಒಂದು ಮನೆಯೊಳಗೇ, ಪಡಸಾಲೆ ದಾಟಿ ಎಡಕ್ಕೆ ತಿರುಗಿದರೆ ಸಿಗುವ, ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಬೀಳುತ್ತಿದ್ದ ಅವ್ವನ ಅಡುಗೆಮನೆ. ಇನ್ನೊಂದು ಓಣಿಯ ಕೊನೆಗೆ, ಬೇವಿನ ಮರದ ಆಚೆ, ಊರ ಸರ್ಕಾರಿ ಕನ್ನಡ ಶಾಲೆಯ ಹಿಂದಿದ್ದ ಗಿರಿಜತ್ತಿಯ ಅಡುಗೆಮನೆ. ಎರಡನೆಯದು ನಮ್ಮದಲ್ಲ, ಶಾಲೆಯ ಮಕ್ಕಳಿಗೆ ಬಿಸಿಯೂಟ ಮಾಡಲು ಸರ್ಕಾರ ಕಟ್ಟಿಸಿದ ಕೋಣೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಾನು ಶಾಲೆಗೆ ಸೇರುವ ಮೊದಲೇ ಆ ಕೋಣೆಗೆ ಸೇರಿದ್ದೆ. ತಮ್ಮ ಮಲ್ಲು ಹುಟ್ಟಿದ ಮೇಲೆ ಅವ್ವ ಏಳಲಾರದೆ ಬಹಳ ದಿನ ಮಲಗಿದ್ದಳು. ಅಪ್ಪ ಬೆಳಗಾದರೆ ಹೊಲಕ್ಕೆ ಹೋಗುತ್ತಿದ್ದ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಳ್ಳಲು ಉಳಿದವಳು ಅಪ್ಪನ ಅಕ್ಕ ಗಿರಿಜತ್ತಿ ಒಬ್ಬಳೇ. ಅವಳು ಮದುವೆಯಾಗಿ ಹೋದ ಊರಿನಿಂದ ಬೇಗನೆ ಮರಳಿದವಳು. ಯಾಕೆಂದು ಯಾರೂ ನನ್ನೆದುರು ಆಡಿಲ್ಲ, ನಾನೂ ಕೇಳಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಒರಗಿಸಿಟ್ಟ ತನ್ನ ಈಳಿಗೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಅವಳು ಹೊರಡುತ್ತಿದ್ದಳು. ಶಾಲೆಯಲ್ಲಿ ಕೊಟ್ಟ ಚಾಕು ಅವಳ ಕೈಗೆ ಒಗ್ಗಿರಲಿಲ್ಲ. ಒಂದು ಕೈಯಲ್ಲಿ ಈಳಿಗೆ, ಇನ್ನೊಂದರಲ್ಲಿ ನಾನು. ಓಣಿಯ ಕಟ್ಟೆಗಳ ಮೇಲೆ ಕೂತವರು ‘ಹೊಂಟ್ಯಾ ಗಿರಿಜವ್ವಾ ಸಾಲಿಗೆ?’ ಎಂದು ಕೇಳಿದರೆ ‘ಹೂನ್ರಿ, ಸಾಲಿಗೆ’ ಎನ್ನುವಾಗ ಅವಳ ದನಿಯಲ್ಲಿ ಮನೆಯೊಳಗೆ ಇಲ್ಲದ ಒಂದು ಎತ್ತರ ಇರುತ್ತಿತ್ತು.

ಆ ಕೋಣೆಯಲ್ಲಿ ಅತ್ತಿಯ ಜೊತೆ ಅಡುಗೆಗೆ ಇದ್ದವಳು ರೇಣವ್ವ. ಕುರಿ ಕಾಯುವ ಮನೆಯ ಸೊಸೆ, ವಯಸ್ಸಿನಲ್ಲಿ ಅತ್ತಿಗಿಂತ ಸಣ್ಣವಳು, ಮಾತಿನಲ್ಲಿ ದೊಡ್ಡವಳು. ಅವಳ ಇಬ್ಬರು ಗಂಡುಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರು. ಬೆಳಿಗ್ಗೆ ಹಾಲು ಕಾಯಿಸುವುದು, ಆಮೇಲೆ ಅಕ್ಕಿ ಆರಿಸುವುದು, ಕುಂಬಳಕಾಯಿ ಹೆಚ್ಚುವುದು. ಇಬ್ಬರೂ ಬಾಯಿಗೆ ಬಿಡುವು ಕೊಡದೆ ಕೆಲಸ ಮಾಡುತ್ತಿದ್ದರು. ಗಂಟೆ ಹೊಡೆದರೆ ಮಕ್ಕಳು ತಟ್ಟೆ ತೊಳೆದುಕೊಂಡು ವರಾಂಡದಲ್ಲಿ ಎದುರುಬದುರಾಗಿ ಎರಡು ಸಾಲು ಕೂರುತ್ತಿದ್ದರು. ನಾನು ಸಾಲಿನ ಕೊನೆಗೆ, ಕಂಬಕ್ಕೆ ಒರಗಿ. ಮೊದಲ ಸುತ್ತು ಇಬ್ಬರೂ ಬಡಿಸುತ್ತಿದ್ದರು. ಎರಡನೆಯ ಸುತ್ತಿನಲ್ಲಿ ಇಬ್ಬರ ರೀತಿ ಬೇರೆಯಾಗುತ್ತಿತ್ತು. ರೇಣವ್ವ ‘ಬೇಕೇನೋ, ಬೇಕೇನಬೇ’ ಎಂದು ಕೇಳುತ್ತ ಸಾಗುತ್ತಿದ್ದಳು. ಅತ್ತಿ ಕೇಳುತ್ತಿರಲಿಲ್ಲ. ಸೌಟು ಹಿಡಿದು ತಟ್ಟೆಯ ಮುಂದೆ ಬಗ್ಗಿ ನಿಲ್ಲುತ್ತಿದ್ದಳು. ಬೇಡವಾದವರು ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಹಿಡಿಯದಿದ್ದರೆ ಅನ್ನ ಬಿದ್ದಂತೆಯೇ.

‘ಕೇಳಿ ಹಾಕಬಾರದೇನಕ್ಕಾ? ಸುಮ್ಮನ ಸುರೀತೀಯಲ್ಲ.’

‘ಕೇಳಿದ್ರ ನಾಚಗೊಳ್ಳೂ ಹುಡುಗ್ರು ಸಾಕು ಅಂತಾವ, ರೇಣಿ. ಸಾಕು ಅಂದವ್ರು ಎಲ್ಲಾರೂ ಹೊಟ್ಟಿ ತುಂಬಿದವ್ರಲ್ಲ.’

‘ಹಂಗಾರ ತಟ್ಯಾಗ ಬಿಟ್ಟದ್ದನ್ನ ಯಾರು ತಿನ್ನಬೇಕು? ನಿಮ್ಮ ಎಮ್ಮೀನ?’

‘ತಿನ್ಲಿ ಬಿಡು. ಎಮ್ಮೀನೂ ನಾಕ ಅಕ್ಷರ ಕಲೀಲಿ.’

ದಿನಚರಿ ಬರೆಯುವ ರೂಢಿ ನನಗೆ ಬಂದದ್ದು ಒಂಬತ್ತನೆಯ ತರಗತಿಯಲ್ಲಿ. ಆದ್ದರಿಂದ ಈ ಬರಹದ ಬಹುಪಾಲಿಗೆ ನನ್ನ ಬಳಿ ತಾರೀಖುಗಳಿಲ್ಲ, ಅದು ನನಗೆ ಈಗಲೂ ಕಿರಿಕಿರಿ. ವಾರಗಳನ್ನು ಮಾತ್ರ ಹೇಳಬಲ್ಲೆ. ಶನಿವಾರ ಶಾಲೆಗೆ ತೊಡುವ ಬಿಳಿ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದರೆ ಅದು ಶುಕ್ರವಾರದ ಸಂಜೆ. ಶಾಲೆಯ ಕಡೆಯಿಂದ ಉಪ್ಪಿಟ್ಟಿನ ಒಗ್ಗರಣೆ ಬಂದರೆ ಶನಿವಾರ. ಅಪ್ಪ ಎತ್ತಿನ ಮೈ ತೊಳೆದು ಹೂಡದೆ ನಿಲ್ಲಿಸಿದ್ದರೆ ಸೋಮವಾರ. ಕಣ್ಣಾರೆ ಕಂಡದ್ದನ್ನು ಕಂಡಂತೆ, ಆಮೇಲೆ ಕೇಳಿ ತಿಳಿದದ್ದನ್ನು ಕೇಳಿದ್ದೆಂದೇ ಬರೆಯುತ್ತಿದ್ದೇನೆ.

ಸೀಟಿನ ವಿಷಯ ಅರ್ಧ ಕೇಳಿದ್ದು, ಅರ್ಧ ಕಂಡದ್ದು. ಅಣ್ಣಿಗೇರಿಗೆ ಹೋಗುವ ರಸ್ತೆಯ ಮೇಲೆ, ಹತ್ತಿ ಹೊಲಗಳ ನಡುವೆ, ಯಾರೋ ಒಂದು ಇಂಗ್ಲಿಷ್ ಶಾಲೆ ಕಟ್ಟಿಸಿದರು. ನಮ್ಮೂರಲ್ಲಿ ಅದಕ್ಕೆ ‘ಟೈ ಸಾಲಿ’ ಎಂದೇ ಹೆಸರು. ಪೇಟೆಯವರ ಮಕ್ಕಳಿಗೆಂದು ಕಟ್ಟಿಸಿದ್ದಾದರೂ ಆ ಹೊಲ ನಮ್ಮೂರ ಸರಹದ್ದಿನೊಳಗಿತ್ತು. ಖಾಸಗಿ ಶಾಲೆಗಳಲ್ಲಿ ಕೆಲವು ಸೀಟುಗಳನ್ನು ಆಯಾ ಊರಿನ ಬಡವರ ಮಕ್ಕಳಿಗೆ ಚೀಟಿ ಎತ್ತಿ ಕೊಡಬೇಕು, ಅವರ ಫೀಯನ್ನು ಸರ್ಕಾರವೇ ಆ ಶಾಲೆಗೆ ತುಂಬುತ್ತದೆ ಎಂಬ ಕಾಯ್ದೆ ಆಗ ನಡೆಯುತ್ತಿತ್ತು. ಹಾಗಾಗಿ ಆ ಸೀಟುಗಳು ನಮ್ಮ ಓಣಿಯವರೆಗೂ ಬಂದವು. ನನಗೆ ಆರು ವರ್ಷ ತುಂಬಿದಾಗ ಅರ್ಜಿ ಹಾಕೋಣ ಎಂದು ಹಟ ಹಿಡಿದವಳು ಅವ್ವನಲ್ಲ, ಅಪ್ಪನಲ್ಲ, ಗಿರಿಜತ್ತಿ.

‘ನಿನ್ನ ಸಾಲಿ ಬಿಟ್ಟು ಆ ಸಾಲಿಗೆ ಹಾಕಂತಿಯೇನಕ್ಕಾ?’ ಎಂದು ಅಪ್ಪ ನಕ್ಕಿದ್ದ.

‘ನಾ ದಿನಾ ನೋಡ್ತೀನಲ್ಲೋ ತಮ್ಮಾ. ಐದು ಕ್ಲಾಸಿಗೆ ಒಬ್ಬಾಂವ ಮಾಸ್ತರ. ಹಾಲಿನ ಪುಡಿ ಲೆಕ್ಕ ಬರೀಬೇಕು, ಅಕ್ಕಿ ಲೆಕ್ಕ ಬರೀಬೇಕು, ಮೀಟಿಂಗಿಗೆ ನವಲಗುಂದಕ್ಕ ಓಡಬೇಕು. ಅಂವ ಕಲಸೂದು ಯಾವಾಗ? ಊಟಕ್ಕ ನಾ ಅದೀನಿ. ಪಾಠಕ್ಕ ಯಾರದಾರ?’

ಅರ್ಜಿ ತುಂಬಿಸಲು ಅಣ್ಣಿಗೇರಿಯ ಕಂಪ್ಯೂಟರ್ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದವಳೂ ಅವಳೇ. ಅಂಗಡಿಯ ಹುಡುಗ ‘ತಾಯಿ ನೀವೇನ್ರಿ?’ ಎಂದು ಕೇಳಿದಾಗ ಅವಳು ನನ್ನ ಕೂದಲು ಸರಿಮಾಡಿ ‘ಅತ್ತಿ’ ಎಂದದ್ದು ನನಗೆ ನೆನಪಿದೆ. ಸೀಟು ಬಂತು. ಸುದ್ದಿ ಕೇಳಿ ರೇಣವ್ವ ಸೌಟಿನಿಂದ ಬೋಗುಣಿ ಬಾರಿಸಿದಳು.

‘ನಿನ್ನ ಪಗಾರಾನೂ ಸರಕಾರದ್ದ, ಹುಡುಗಿ ಫೀನೂ ಸರಕಾರದ್ದ. ಸರಕಾರಕ್ಕ ನಿಮ್ಮ ಮನಿ ಬಿಟ್ಟರ ಬ್ಯಾರೆ ಮನೀನ ಕಾಣಂಗಿಲ್ಲ ಬಿಡಕ್ಕಾ.’

ಟೈ ಸಾಲಿಯ ಬಗ್ಗೆ ನನಗೆ ದೂರುಗಳಿಲ್ಲ. ಅಲ್ಲಿ ಪ್ರತಿ ತರಗತಿಗೂ ಒಬ್ಬ ಟೀಚರ್ ಇದ್ದರು, ಅವರು ದಿನವೂ ಬರುತ್ತಿದ್ದರು. ಇವತ್ತು ನಾನು ಓದುತ್ತಿರುವ ಓದಿಗೆ ಬುನಾದಿ ಬಿದ್ದದ್ದು ಅಲ್ಲಿಯೇ. ಆದರೆ ಮಧ್ಯಾಹ್ನ ಬೆಂಚಿನ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಡಬ್ಬಿ ತೆರೆದು ಉಣ್ಣುವುದು ನನಗೆ ಒಗ್ಗಲಿಲ್ಲ. ಬೆಳಿಗ್ಗೆ ಕಟ್ಟಿದ ಅನ್ನ ಅಷ್ಟು ಹೊತ್ತಿಗೆ ಮುದ್ದೆಯಾಗಿ, ಡಬ್ಬಿಯ ಆಕಾರದಲ್ಲೇ ಮೇಲೇಳುತ್ತಿತ್ತು. ಎದುರಿಗೆ ಯಾರೂ ಸೌಟು ಹಿಡಿದು ನಿಲ್ಲುತ್ತಿರಲಿಲ್ಲ. ನನ್ನ ನಂತರದ ವರ್ಷ ಇನ್ನಷ್ಟು ಮನೆಗಳಿಗೆ ಸೀಟು ಬಂತು. ಸೀಟು ಬಾರದವರು ನಾವೇನು ಕಡಿಮೆ ಎಂದು ಕೈಯಿಂದ ಫೀ ತುಂಬಿ ಕಳಿಸತೊಡಗಿದರು. ಬೆಳಿಗ್ಗೆ ಪಂಚಾಯ್ತಿ ಕಟ್ಟೆಯ ಮುಂದೆ ಹಳದಿ ವ್ಯಾನು ತುಂಬುತ್ತಿತ್ತು, ಬೇವಿನ ಮರದ ಆಚೆ ವರಾಂಡದ ಸಾಲು ಗಿಡ್ಡವಾಗುತ್ತಿತ್ತು. ಎದುರುಬದುರು ಎರಡು ಸಾಲು ಹೋಗಿ ಒಂದೇ ಸಾಲು ಆಗಿದೆ ಎಂದು ಅತ್ತಿ ಒಂದು ಸಂಜೆ ಹೂವು ಕಟ್ಟುತ್ತ ಹೇಳಿದಳು. ಹೇಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

ನಾನು ಮೂರನೆಯ ತರಗತಿಗೆ ಹೋದ ಜೂನ್‌ನಲ್ಲಿ, ಒಂದು ಗುರುವಾರ ಸಂಜೆ, ಊರ ಶಾಲೆಯ ಹೆಡ್‌ಮಾಸ್ತರು ನಮ್ಮ ಮನೆಗೆ ಬಂದರು. ಗುರುವಾರವೇ ಎಂದು ಹೇಳಬಲ್ಲೆ, ಯಾಕೆಂದರೆ ಮರುದಿನ ಸಂಜೆ ನನ್ನ ಬಿಳಿ ಬಟ್ಟೆಗೆ ಇಸ್ತ್ರಿಯಾಯಿತು. ಅಪ್ಪ ಪಡಸಾಲೆಯಲ್ಲಿ ಜಮಖಾನೆ ಹಾಸಿದ. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಅತ್ತಿ ದನದ ಕಡೆಯಿಂದ ಬಂದವಳು ಸೆಗಣಿಯ ಕೈಯನ್ನು ತೊಳೆಯದೆ ಹಾಗೇ ಹಿಡಿದುಕೊಂಡು ಕಂಬದ ಬಳಿ ನಿಂತಳು. ಮಾಸ್ತರು ಬಹಳ ಹೊತ್ತು ಮಳೆಯ ಮಾತಾಡಿದರು, ಹೆಸರಿನ ಬಿತ್ತನೆಯ ಮಾತಾಡಿದರು. ಆಮೇಲೆ ಚಹಾದ ಬಟ್ಟಲು ಕೆಳಗಿಟ್ಟರು.

‘ಗಿರಿಜವ್ವಾರ ಕೆಲಸದ ಮಾತ್ರಿ ಅದು. ಈ ವರ್ಷ ಮಕ್ಕಳು ಕಡಿಮಿ ಬಿದ್ದಾರ. ಇಬ್ಬರು ಅಡಗಿಯವ್ರನ್ನ ಇಟಗೊಳ್ಳಾಕ ಹಾಜರಿ ಪುಸ್ತಕದಾಗ ಒಂದ ಹೆಸರು ಕಡಿಮಿ ಐತ್ರಿ.’

‘ಒಂದ ಹೆಸರಿಗೇನ್ರಿ?’ ಎಂದು ಅಪ್ಪ ಕೇಳಿದ.

‘ಒಂದ ಹೆಸರಿಗ್ರಿ. ಒಬ್ಬರನ್ನ ತಗೀರಿ ಅಂತ ಮ್ಯಾಲಿಂದ ಬಂದೈತಿ. ರೇಣವ್ವನ ಹುಡುಗ್ರು ಇಬ್ಬರೂ ನಮ್ಮ ಸಾಲ್ಯಾಗ ಅದಾರ. ಆಕಿನ್ನ ತಗಿ ಅಂತ ಕಮಿಟಿಯವ್ರು ಹೆಂಗ ಅಂತಾರ? ಗಿರಿಜವ್ವಾರದು ನೋಡಿದ್ರ…’ ಮಾಸ್ತರು ನನ್ನ ಕಡೆ ನೋಡಿದರು. ‘ಈ ಹುಡುಗಿನ್ನ ನಮ್ಮ ಕಡೆ ಹಾಕಿದ್ರ ಎಲ್ಲಾ ಸರಿ ಹೋಗತೈತ್ರಿ. ಶನಿವಾರ ಮಧ್ಯಾಹ್ನದೊಳಗ ಟಿ.ಸಿ. ತಂದು ಕೊಡ್ರಿ, ನಾ ಬರಕೋತೀನಿ.’

‘ಆ ಸೀಟು ಬಿಟ್ರ ಮತ್ತ ಸಿಗತೈತೇನ್ರಿ?’ ಹೊಸ್ತಿಲಿಂದ ಅವ್ವ ಕೇಳಿದಳು.

‘ಇಲ್ರಿ. ಅದು ಒಮ್ಮೆ ಬಿಟ್ರ ಹೋತ್ರಿ. ಸುಳ್ಳು ಯಾಕ ಹೇಳ್ಲಿ.’

‘ನಿಮ್ಮ ಮಗಳು ಎಲ್ಲಿ ಕಲೀತಾಳ್ರಿ ಮಾಸ್ತರ?’

ಮಾಸ್ತರು ಖಾಲಿ ಬಟ್ಟಲನ್ನು ಮತ್ತೆ ಎತ್ತಿ ನೋಡಿದರು.

‘ಹುಬ್ಬಳ್ಳ್ಯಾಗ್ರಿ. ಇಂಗ್ಲಿಷ್ ಮೀಡಿಯಮ್.’

‘ಚಲೋ ಆತು ಬಿಡ್ರಿ,’ ಎಂದು ಅವ್ವ ಒಳಗೆ ಹೋದಳು.

ಆ ರಾತ್ರಿಯ ಊಟಕ್ಕೆ ಅಪ್ಪ ಅವ್ವ ಇಬ್ಬರೂ ತಟ್ಟೆಯ ಮುಂದೆ ಕೂತು ಜಗಳಾಡಿದರು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಊಟದ ಮುಂದೆ ಜಗಳವಾದದ್ದು ನನಗೆ ನೆನಪಿಲ್ಲ. ಅಪ್ಪನ ವಾದ ಸರಳ: ಅಕ್ಕ ಒಮ್ಮೆ ಮನೆ ಕಳೆದುಕೊಂಡು ಬಂದವಳು, ಆ ಶಾಲೆ ಅವಳು ತಾನೇ ಗಳಿಸಿಕೊಂಡ ಜಾಗ, ಅದನ್ನೂ ಕಿತ್ತುಕೊಂಡರೆ ಅವಳು ಎಲ್ಲಿಗೆ ಹೋಗಬೇಕು. ಅವ್ವನದೂ ಸರಳ: ಹೆಣ್ಣುಮಗಳಿಗೆ ತಾನಾಗಿ ಬಂದ ಓದನ್ನು ಕೈಯಾರೆ ಒದ್ದು ಬರುವುದು ಹೇಗೆ.

‘ನನ್ನ ಮಗಳ ತಲಿ ಎಣಿಸಿ ನಿಮ್ಮ ಅಕ್ಕಗ ಅನ್ನ ಹಾಕಬೇಕೇನು?’

‘ನಿನ್ನ ಮಗಳ್ನ ಎತ್ತಿ ಆಡಿಸಿದಾಕಿ ಯಾರು? ನೀ ಹಾಸಿಗಿ ಹಿಡದಾಗ ನೀರು ಕಾಸಿ ಹಾಕಿದಾಕಿ ಯಾರು?’

‘ಇಲ್ಲ ಅಂದೆನೇನು? ಅಂದೆನೇನು ನಾ?’ ಎಂದು ಅವ್ವ ಅತ್ತಳು.

ಅತ್ತಿ ಇಬ್ಬರಿಗೂ ನಡುವೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಅವ್ವನ ತಟ್ಟೆ ಖಾಲಿಯಾಗಿದ್ದನ್ನು ನೋಡಿ, ಕೇಳದೆ, ಒಂದು ಸೌಟು ಪಲ್ಯ ಹಾಕಿದಳು.

ಶುಕ್ರವಾರ ಸಂಜೆ ಹಿತ್ತಲಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚುವಾಗ ಅವಳು ನನ್ನನ್ನು ಕೇಳಿದಳು. ಅವಳು ನನ್ನನ್ನು ಏನನ್ನಾದರೂ ಬೇಕೋ ಬೇಡವೋ ಎಂದು ಕೇಳಿದ ಇನ್ನೊಂದು ಸಲ ನನಗೆ ನೆನಪಿಗೆ ಬರುವುದಿಲ್ಲ.

‘ನಿನಗ ಯಾವ ಸಾಲಿ ಬೇಕವ್ವಾ?’

‘ನಿನ್ನ ಸಾಲಿ.’

ಬಾಚಣಿಗೆ ಕೂದಲಿನ ನಡುವೆ ನಿಂತಿತು.

‘ಯಾಕ?’

‘ಅಲ್ಲಿ ಅನ್ನ ಬಿಸಿ ಇರತೈತಿ. ಇಲ್ಲಿ ಡಬ್ಬ್ಯಾಂದು ತಣ್ಣಗ.’

‘ಅಷ್ಟಕ್ಕ?’

‘ಹೂಂ. ಮತ್ತ ನೀನೂ ಇರ್ತಿ.’

ಬಾಚಣಿಗೆ ಮತ್ತೆ ಓಡಾಡಿತು. ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹಾಕಿದಳು, ನೋವಾಗುತ್ತದೆ ಎಂದರೂ ಸಡಿಲಿಸಲಿಲ್ಲ. ನಾನು ಹೇಳಿದ್ದು ಸರಿಯಾಯಿತು, ಸೋಮವಾರದಿಂದ ಕಂಬಕ್ಕೆ ಒರಗಿ ಕೂರುತ್ತೇನೆ ಎಂದುಕೊಂಡು ನಾನು ಮಲಗಿದೆ.

ಶನಿವಾರ ಬೆಳಿಗ್ಗೆ ಅಪ್ಪ ಟಿ.ಸಿ. ತರಲು ಹೋಗುವುದೆಂದು ತೊಳೆದ ಅಂಗಿ ಹಾಕಿಕೊಳ್ಳುತ್ತಿದ್ದ. ಅವ್ವ ಮಾತು ಬಿಟ್ಟಿದ್ದಳು. ಅತ್ತಿ ಎಲ್ಲರಿಗಿಂತ ಮೊದಲೇ ಎದ್ದು ನನಗೆ ಬಿಳಿ ಬಟ್ಟೆ ತೊಡಿಸಿ, ಟೈ ಸಿಕ್ಕಿಸಿ, ಹಿಂದಿನ ಬಾಗಿಲಿಂದ ಹೊರಗೆ ಕರೆದುಕೊಂಡು ಬಂದಳು. ಒಂದು ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಈಳಿಗೆ ಇತ್ತು. ಅವಳ ಶಾಲೆಗೇ ಹೋಗುತ್ತಿದ್ದೇವೆ ಎಂದು ನಾನು ಬೇವಿನ ಮರದ ಕಡೆ ತಿರುಗಿದೆ. ಅವಳು ನನ್ನ ಭುಜ ಹಿಡಿದು ಪಂಚಾಯ್ತಿ ಕಟ್ಟೆಯ ಕಡೆ ತಿರುಗಿಸಿದಳು. ವ್ಯಾನು ಬಂತು. ನಾನು ಬಾಗಿಲ ಸರಳು ಹಿಡಿದುಕೊಂಡು ಹತ್ತುವುದಿಲ್ಲ ಎಂದು ಅಳತೊಡಗಿದೆ. ಅವಳು ಈಳಿಗೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ನನ್ನನ್ನು ಎತ್ತಿ ಒಳಗೆ ಕೂರಿಸಿ, ಡ್ರೈವರ್ ದಾವಲ ಕಾಕಾನಿಗೆ ಹೇಳಿದಳು.

‘ಹೊಡಿ ದಾವಲಾ. ನಿಂದ್ರಬ್ಯಾಡ.’

‘ಅಳಾಕತ್ತಾಳಲ್ಲಕ್ಕಾ.’

‘ಅಳ್ಳಿ. ಆ ತಿರುವು ದಾಟಿದ್ರ ಸುಮ್ಮನಾಗ್ತಾಳ.’

ಹಿಂದಿನ ಗಾಜಿನಲ್ಲಿ ನೋಡಿದೆ. ಅವಳು ವ್ಯಾನಿನ ಕಡೆ ನೋಡದೆ ಈಳಿಗೆ ಎತ್ತಿಕೊಂಡು ಶಾಲೆಯ ಕಡೆ ನಡೆಯುತ್ತಿದ್ದಳು. ಅಂದು ಅವಳು ಕೊನೆಯ ಉಪ್ಪಿಟ್ಟು ಮಾಡಿದಳು. ಎರಡನೆಯ ಸುತ್ತಿಗೆ ಸೌಟು ಹಿಡಿದು ನಿಂತಾಗ ಒಬ್ಬ ಹುಡುಗನೂ ಕೈ ಅಡ್ಡ ಹಿಡಿಯಲಿಲ್ಲವಂತೆ, ಪಾತ್ರೆ ತಳ ಕಂಡಿತಂತೆ. ಇದು ರೇಣವ್ವ ಆಮೇಲೆ ಹೇಳಿದ್ದು. ಅಪ್ಪ ಆ ದಿನ ತೊಳೆದ ಅಂಗಿಯಲ್ಲೇ ಹೊಲಕ್ಕೆ ಹೋದ.

ಸೋಮವಾರದಿಂದ ಅತ್ತಿ ಮನೆಯಲ್ಲಿದ್ದಳು. ಓಣಿಯವರು ‘ಹೋಗ್ಲಿಲ್ಲೇನ ಸಾಲಿಗೆ?’ ಎಂದು ಮೊದಮೊದಲು ಕೇಳಿ, ಆಮೇಲೆ ಕೇಳುವುದನ್ನು ಬಿಟ್ಟರು. ಆ ವಾರದಲ್ಲೇ ಒಂದು ದಿನ ಮಧ್ಯಾಹ್ನ, ಊಟದ ಗಂಟೆಗೆ ಸರಿಯಾಗಿ, ಟೈ ಸಾಲಿಯ ಗೇಟಿನ ಹೊರಗೆ ಅವಳು ನಿಂತಿದ್ದನ್ನು ಕಂಡೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಟವೆಲು ಸುತ್ತಿದ ಡಬ್ಬಿ. ಊರಿಂದ ಬಿಸಿಲಲ್ಲಿ ನಡೆದು ಬಂದಿದ್ದಳು. ಒಳಗೆ ಬಿಡುವುದಿಲ್ಲ ಎಂದು ಕಾವಲುಗಾರ ಹೇಳಿದ್ದಕ್ಕೆ ಗೇಟಿನ ಸರಳುಗಳ ನಡುವೆ ಡಬ್ಬಿ ಕೊಟ್ಟಳು. ಅನ್ನದಿಂದ ಹಬೆ ಬರುತ್ತಿತ್ತು. ನಾನು ಅಲ್ಲೇ ಗೇಟಿನ ಒಳಗೆ ನೆಲದ ಮೇಲೆ ಕೂತು ಉಂಡೆ, ಅವಳು ಹೊರಗೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಅದರ ಮರುದಿನವೂ ಬಂದಳು. ಹೀಗೆ ಕೆಲವು ದಿನ. ಆಮೇಲೆ ಟೀಚರ್ ನನ್ನನ್ನು ಕರೆದು, ಇಂಥದ್ದನ್ನು ಎಲ್ಲ ತಂದೆತಾಯಿಯರೂ ಶುರು ಮಾಡಿದರೆ ಗೇಟಿನಲ್ಲಿ ಜಾತ್ರೆಯಾಗುತ್ತದೆ, ಮನೆಯಲ್ಲಿ ಹೇಳು ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಹೇಳಿದಾಗ ಅತ್ತಿ ಒಪ್ಪಿಕೊಂಡಳು.

‘ಹೌದ, ಅವ್ರದೂ ಖರೆ ಐತಿ,’ ಎಂದಳು. ಡಬ್ಬಿ ತೊಳೆದಿಡುತ್ತ, ‘ಅಲ್ಲಿ ಬಡಸಾಕ ಯಾರೂ ಇರಂಗಿಲ್ಲೇನ? ಎಲ್ಲಾ ತಮ್ಮ ತಮ್ಮದ ತಕ್ಕೊಂಡು ಉಣ್ತಾವಲ್ಲ.’

‘ಹೂಂ.’

‘ಹಂಗಾರ ಯಾರಿಗೆಷ್ಟು ಹಸಿವಿ ಅಂತ ಹೆಂಗ ಗೊತ್ತಾಗಬೇಕು?’

ಮನೆಯ ಅಡುಗೆಮನೆಯಲ್ಲಿ ಈಗ ಹಗಲೂ ಎರಡು ಈಳಿಗೆಗಳಾದವು. ಅವ್ವನಿಗೂ ಅತ್ತಿಗೂ ಅದಕ್ಕೆ ಮೊದಲು ಜಗಳವಿರಲಿಲ್ಲ, ಯಾಕೆಂದರೆ ಹಗಲಿನಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ನಿಂತದ್ದೇ ಇಲ್ಲ. ಅತ್ತಿಯ ಕೈಗೆ ದೊಡ್ಡ ಪಾತ್ರೆಯ ಅಳತೆ ಕೂತುಬಿಟ್ಟಿತ್ತು. ಐದು ಜನರ ಸಾರಿಗೆ ಅವಳು ಮುಷ್ಟಿ ತುಂಬಿ ಉಪ್ಪು ಎತ್ತುತ್ತಿದ್ದಳು, ನೆನಪಾಗಿ ಬೆರಳು ಸಡಿಲಿಸುತ್ತಿದ್ದಳು. ಎಷ್ಟು ಹಿಡಿತ ಮಾಡಿದರೂ ಅನ್ನ ಮಿಗುತ್ತಿತ್ತು. ಮಿಕ್ಕ ಅನ್ನವನ್ನು ಅವ್ವ ಅವಳಿಗೆ ಕಾಣುವಂತೆ ಎಮ್ಮೆಯ ಮುಂದೆ ಸುರಿಯುತ್ತಿದ್ದಳು. ಎಮ್ಮೆ ಅಕ್ಷರ ಕಲಿಯುವ ತಮಾಷೆಯನ್ನು ಅತ್ತಿ ಆಗ ಹೇಳಲಿಲ್ಲ.

ಶ್ರಾವಣದಲ್ಲಿ ರೊಟ್ಟಿ ಪಂಚಮಿ ಬಂತು. ನಮ್ಮ ಕಡೆ ನಾಗರಪಂಚಮಿಗೆ ಮುಂಚೆ ಬರುವ ಆ ದಿನ ಎಲ್ಲರ ಮನೆಯಲ್ಲೂ ರೊಟ್ಟಿ ಬಡಿದು, ಮೇಲೆ ಪಲ್ಯ, ಕಾಳು, ಚಟ್ನಿ ಇಟ್ಟು ಮನೆಮನೆಗೆ ಹಂಚಿ, ಅವರ ಮನೆಯ ರೊಟ್ಟಿ ಈಸಿಕೊಂಡು ಬರುವುದು ಪದ್ಧತಿ. ಅತ್ತಿ ಶಾಲೆಯಲ್ಲಿದ್ದಷ್ಟು ವರ್ಷ ಅಂದು ಶಾಲೆಯ ಮಕ್ಕಳಿಗೂ ಮನೆಯಿಂದ ರೊಟ್ಟಿ ಒಯ್ಯುತ್ತಿದ್ದಳು. ಪ್ರತಿ ತಟ್ಟೆಗೂ ಒಂದು ಚೂರಾದರೂ ಬೀಳಲೇಬೇಕು. ಆ ವರ್ಷವೂ ನಸುಕಿನಲ್ಲೇ ಎದ್ದು ಒಲೆ ಹಚ್ಚಿದಳು. ಅವ್ವ ಎದ್ದು ಬರುವಷ್ಟರಲ್ಲಿ ಬುಟ್ಟಿಯಲ್ಲಿ ರೊಟ್ಟಿಯ ರಾಶಿ ಬೆಳೆದಿತ್ತು, ಹಿಟ್ಟಿನ ಡಬ್ಬಿ ಮುಗಿಯಲು ಬಂದಿತ್ತು.

‘ಯಾರಿಗೆ ಬಡದೀರಿ ಅಕ್ಕಾ ಇಷ್ಟು ರೊಟ್ಟಿ?’

ಅತ್ತಿಯ ಕೈ ಹಿಟ್ಟಿನ ಮೇಲೆ ನಿಂತಿತು. ಬುಟ್ಟಿಯನ್ನು ನೋಡಿದಳು. ತಾನು ಏನು ಮಾಡಿದ್ದೇನೆ ಎಂದು ಅವಳಿಗೆ ಆಗ ತಿಳಿಯಿತು ಎಂದು ನನಗೆ ಅನಿಸುತ್ತದೆ. ಇದು ನನ್ನ ಊಹೆ.

‘ಮರತೆ ಶಾಂತಾ,’ ಎಂದಳು.

ಅವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬುಟ್ಟಿಯನ್ನು ಎತ್ತಿ ಒಳಗಿಟ್ಟು, ಮಲ್ಲುವಿನ ಮೇಲೆ ಸುಮ್ಮಸುಮ್ಮನೆ ರೇಗಿದಳು. ಆ ರೊಟ್ಟಿಗಳನ್ನು ನಾವು ಬಹಳ ದಿನ ತಿಂದೆವು. ಖಡಕ್ ರೊಟ್ಟಿ ಕೆಡುವುದಿಲ್ಲ. ಪ್ರತಿ ಸಲ ಮುರಿದಾಗಲೂ ಆ ಸದ್ದಿಗೆ ಊಟಕ್ಕೆ ಕೂತವರೆಲ್ಲ ತಲೆ ತಗ್ಗಿಸುತ್ತಿದ್ದೆವು.

ರೊಟ್ಟಿ ಮುಗಿಯುವ ಮೊದಲೇ ಅತ್ತಿ ಹುಬ್ಬಳ್ಳಿಗೆ ಹೋದಳು. ಅಲ್ಲಿ ಹುಡುಗಿಯರ ಹಾಸ್ಟೆಲ್ ಒಂದರಲ್ಲಿ ಅಡುಗೆಗೆ ಜನ ಬೇಕೆಂದು ದೂರದ ನೆಂಟರೊಬ್ಬರು ಹೇಳಿ ಕಳಿಸಿದ್ದರು. ಅಲ್ಲೇ ಇರುವುದು, ಅಲ್ಲೇ ಉಣ್ಣುವುದು. ಅಪ್ಪ ಬೇಡವೆಂದ. ಅವ್ವನೂ ಬೇಡವೆಂದಳು, ಬಾಯಿತುಂಬ ಹೇಳಿದಳು, ಕೈ ಹಿಡಿದು ಹೇಳಿದಳು. ಹೋಗುವ ದಿನ ಯಾವುದೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಶಾಲೆಯಿಂದ ಬಂದು ಬ್ಯಾಗು ಎಸೆದು ಅಡುಗೆಮನೆಗೆ ಹೋದೆ. ಬಾಗಿಲ ಹಿಂದೆ ಅವ್ವನ ಈಳಿಗೆ ಒಂದೇ ಇತ್ತು. ಪಕ್ಕದಲ್ಲಿ, ಅಷ್ಟು ವರ್ಷ ಇನ್ನೊಂದು ಒರಗಿ ನಿಂತ ಜಾಗದಲ್ಲಿ, ಸುಣ್ಣದ ಗೋಡೆಗೆ ತುಕ್ಕಿನ ಗೆರೆ ಬಿದ್ದಿತ್ತು. ಅವ್ವ ಒಲೆಯ ಮುಂದೆ ಕೂತಿದ್ದಳು, ಒಲೆ ಉರಿಯುತ್ತಿರಲಿಲ್ಲ.

‘ವ್ಯಾನು ಬರೂ ಮೊದಲ ಹೋಗ್ತೀನಿ, ಆಕಿ ಅಳೂದು ನೋಡಾಕ ಆಗಂಗಿಲ್ಲ ಅಂದ್ಲು,’ ಎಂದಳು ಅವ್ವ. ಆ ಗೋಡೆಗೆ ಪ್ರತಿ ಹಬ್ಬಕ್ಕೂ ಸುಣ್ಣ ಬಳಿಯುತ್ತೇವೆ. ಗೆರೆ ಸ್ವಲ್ಪ ದಿನಕ್ಕೆ ಮತ್ತೆ ಮೂಡುತ್ತದೆ.

ಮುಂದಿನದು ಬೇಗ ಹೇಳಬಹುದು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇರುವ ಊರಿನವರಿಗೆ ಖಾಸಗಿ ಶಾಲೆಯ ಆ ಸೀಟು ಇನ್ನು ಕೊಡುವುದಿಲ್ಲ ಎಂದು ಸರ್ಕಾರ ಆಮೇಲೆ ಕಾಯ್ದೆ ಬದಲಿಸಿತು. ಮಲ್ಲುವಿನ ಸರದಿ ಬರುವಷ್ಟರಲ್ಲಿ ಚೀಟಿ ಎತ್ತುವುದೇ ನಿಂತಿತ್ತು. ಅವನು ಊರ ಶಾಲೆಗೇ ಹೋದ. ಅವನಂಥ ಇನ್ನಷ್ಟು ಮಕ್ಕಳು ಹೋದರು. ವರಾಂಡದ ಸಾಲು ಮತ್ತೆ ಉದ್ದವಾಗಿ, ಇಬ್ಬರು ಅಡುಗೆಯವರು ಬೇಕಾದರು. ಹೆಡ್‌ಮಾಸ್ತರು ಮೊದಲು ನಮ್ಮ ಮನೆಗೇ ಬಂದು ಹೇಳಿದರು, ಅಷ್ಟು ಅವರಿಗೆ ನೆನಪಿತ್ತು. ಅಪ್ಪ ಹುಬ್ಬಳ್ಳಿಗೆ ಹೋಗಿ ಕರೆದ. ‘ಇಲ್ಲೂ ಹುಡುಗ್ಯಾರು ನನ್ನ ಹಾದಿ ಕಾಯ್ತಾವ ತಮ್ಮಾ. ಎಷ್ಟು ಸಲ ಪಂಕ್ತಿ ಬಿಟ್ಟು ಏಳ್ಲಿ,’ ಎಂದು ಅತ್ತಿ ಹೇಳಿ ಕಳಿಸಿದಳು. ಹಬ್ಬಕ್ಕೆ ಬರುತ್ತಾಳೆ. ಬಂದಾಗ ಪಡಸಾಲೆಯಲ್ಲಿ ಕೂರುತ್ತಾಳೆ.

ನನ್ನ ಸೀಟಿಗೆ ಸರ್ಕಾರ ಫೀ ತುಂಬುವುದು ಎಂಟನೆಯ ತರಗತಿಯವರೆಗೆ ಮಾತ್ರ. ಇದು ನಮಗೆ ಮೊದಲೇ ಗೊತ್ತಿರಬೇಕಿತ್ತು. ಯಾರೋ ಹೇಳಿಯೂ ಇದ್ದಿರಬಹುದು. ಆರು ವರ್ಷದ ಕೂಸಿನ ಎಂಟನೆಯ ತರಗತಿ ಅಂಗಡಿಯ ಕಂಪ್ಯೂಟರಿನ ಮುಂದೆ ನಿಂತವರಿಗೆ ಬಹಳ ದೂರ ಕಂಡಿತ್ತು. ಒಂಬತ್ತಕ್ಕೆ ಕೈಯಿಂದ ತುಂಬಲು ಅಪ್ಪನಿಂದ ಆಗಲಿಲ್ಲ. ನಾನು ಅಣ್ಣಿಗೇರಿಯ ಸರ್ಕಾರಿ ಹೈಸ್ಕೂಲಿಗೆ ಸೇರಿದೆ. ಆ ಮೊದಲ ದಿನವೇ ನನ್ನ ದಿನಚರಿಯ ಮೊದಲ ಪುಟ. ಅಂದು ಮಧ್ಯಾಹ್ನ ಗಂಟೆಯಾಯಿತು. ಹುಡುಗಿಯರು ತಟ್ಟೆ ಹಿಡಿದು ಹೊರಗೆ ಓಡಿದರು. ನನ್ನ ಬಳಿ ತಟ್ಟೆ ಇರಲಿಲ್ಲ. ಒಬ್ಬಳು ತನ್ನ ತಂಗಿಯ ತಟ್ಟೆ ಕೊಟ್ಟಳು. ವರಾಂಡದಲ್ಲಿ ಸಾಲಾಗಿ ಕೂತೆವು. ಬಿಸಿ ಅನ್ನ, ಅದರ ಮೇಲೆ ಸಾರು. ಹಬೆ ಮುಖಕ್ಕೆ ಬಡಿಯಿತು. ಎರಡನೆಯ ಸುತ್ತು ಬಂತು. ಅಡುಗೆಯ ಹೆಂಗಸು ಒಳ್ಳೆಯವಳೇ, ನಗುಮುಖದವಳು, ಸೌಟು ಎತ್ತಿ ನನ್ನ ಮುಂದೆ ನಿಂತು ‘ಬೇಕೇನವ್ವಾ?’ ಎಂದು ಕೇಳಿದಳು. ಹೊಸ ಶಾಲೆ, ಅಕ್ಕಪಕ್ಕ ಗುರುತಿಲ್ಲದವರು. ನಾನು ‘ಸಾಕ್ರಿ’ ಎಂದೆ. ಅವಳು ಮುಂದೆ ಹೋದಳು.

ಸಂಜೆ ಅಪ್ಪನ ಫೋನಿನಿಂದ ಹುಬ್ಬಳ್ಳಿಗೆ ಮಾತಾಡಿದೆ. ಟೀಚರುಗಳ ಬಗ್ಗೆ, ಬೆಂಚುಗಳ ಬಗ್ಗೆ ಅತ್ತಿ ಏನೂ ಕೇಳಲಿಲ್ಲ.

‘ಊಟ ಬಿಸಿ ಇತ್ತಿಲ್ಲೋ?’

‘ಬಿಸಿ ಇತ್ತು.’

‘ಎರಡನೇ ಸಲ ಬರ್ಲಿಲ್ಲೇನ ಬಡಸೂವಾಕಿ?’

‘ಬಂದಿದ್ಲು. ಬೇಕೇನು ಅಂತ ಕೇಳಿದ್ಲು. ಸಾಕು ಅಂದೆ.’

‘ಹೊಟ್ಟಿ ತುಂಬಿತ್ತೇನ?’

ಆ ಕಡೆ ಯಾರೋ ದೊಡ್ಡ ಪಾತ್ರೆಯನ್ನು ನೆಲದ ಮೇಲೆ ಎಳೆದ ಸದ್ದು ಕೇಳಿಸಿತು, ಹುಡುಗಿಯರ ಗಲಾಟೆ ಕೇಳಿಸಿತು. ಆಮೇಲೆ ಆ ಸದ್ದೂ ನಿಂತಿತು. ಫೋನು ಕಡಿದುಹೋಯಿತೇನೋ ಎಂದು ನಾನು ಕಿವಿಯಿಂದ ತೆಗೆದು ನೋಡಿದೆ, ಮತ್ತೆ ಹಚ್ಚಿಕೊಂಡೆ.

‘ಕೇಳಬಾರದವ್ವಾ,’ ಎಂದಳು. ‘ಹುಡುಗ್ರನ್ನ ಕೇಳಬಾರದು.’